ಡೆನ್ಮಾರ್ಕಿನಲ್ಲಿ ಬಿಟ್ಟು ಬಂದದ್ದು

ಪುಣ್ಯಕ್ಷೇತ್ರಕ್ಕೆ ಹೋದವರು ಪ್ರಸಾದ ತರ್ತಾರೆ, ತೀರ್ಥ ತರ್ತಾರೆ, ಹೆಂಡತಿಗೆ ಒಂದು ಡಜನ್ ಬಳೆ ತರ್ತಾರೆ. ನಮ್ಮನೆಯವರು ಹೋಗಿ ಬಂದರೆ ನನ್ನ ಅಡುಗೆಮನೆಯಲ್ಲಿ ಒಂದು ಪಾತ್ರೆ ಕಮ್ಮಿಯಾಗುತ್ತೆ! ನಂಬಿಕೆ ಬರಲಿಲ್ಲ ಅಲ್ವಾ? ಮದುವೆಯಾದ ಹೊಸದರಲ್ಲಿ ನನಗೂ ಬಂದಿರಲಿಲ್ಲ. ಈಗ ತಲೆಮೇಲೆ ಕೈ ಹೊತ್ತು ಕೂತಿದ್ದೀನಿ.

ಕಾಶಿಗೆ ಹೋದವರು ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲೇ ಬಿಟ್ಟು ಬರುವ ಪದ್ಧತಿ ನಿಮಗೆಲ್ಲಾ ಗೊತ್ತೇ ಇದೆ. ಗಂಗೆಯಲ್ಲಿ ಮುಳುಗಿ ಎದ್ದು, ‘ಇನ್ನು ಮೇಲೆ ಇದನ್ನು ತಿನ್ನಲ್ಲ’ ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಮುಗೀತು, ಉಸಿರಿರೋ ತನಕ ಅದನ್ನು ಬಾಯಿಗೆ ಹಾಕೋ ಹಾಗಿಲ್ಲ. ಬುದ್ಧಿವಂತರು ಏನು ಮಾಡ್ತಾರೆ? ಹಾಗಲಕಾಯಿ ಬಿಡ್ತಾರೆ. ಸೀಮೆಬದನೆಕಾಯಿ ಬಿಡ್ತಾರೆ. ನನ್ನ ತಂಗಿಯ ಗಂಡ ಸೇಬಿನ ಹಣ್ಣು ಬಿಟ್ಟು ಬಂದ, ಹೆಂಗೂ ಅದನ್ನು ಮನೆಗೆ ತರೋ ಅಭ್ಯಾಸವೇ ಅವನಿಗಿರಲಿಲ್ಲ! ನಮ್ಮನೆಯವರು ಬಿಟ್ಟಿದ್ದು ಬದನೆಕಾಯಿ. ಎಣ್ಣೆಗಾಯಿ ಮಾಡಿದ ದಿನ ಬಾಣಲೆಗೇ ಅನ್ನ ಹಾಕಿಕೊಂಡು ಒರೆಸಿ ತಿನ್ನುತ್ತಿದ್ದ ಮನುಷ್ಯ!

“ಹಾಗಲಕಾಯಿ ಬಿಡಬಾರದಿತ್ತೇನ್ರೀ?” ಅಂದೆ.

“ಇಷ್ಟ ಇಲ್ಲದ್ದನ್ನ ಬಿಟ್ಟರೆ ಅದು ಬಿಟ್ಟಂಗಲ್ಲ ಕಣೇ, ತಪ್ಪಿಸಿಕೊಂಡಂಗೆ.”

“ಹಂಗಾದ್ರೆ ಬೀಡಿ ಬಿಡಿ. ಅದು ಇಷ್ಟ ತಾನೇ?”

“ಬೀಡಿ ಮೇಲೆ ನಂಗೆ ಪ್ರೀತಿ ಇಲ್ಲ. ಅಭ್ಯಾಸ ಅಷ್ಟೆ.”

ಇಂಥವರ ಹತ್ತಿರ ಏನು ಮಾತಾಡ್ತೀರಿ? (ಆ ಬೀಡಿಯನ್ನು ಕೊನೆಗೆ ಬಿಡಿಸಿದ್ದು ಡಾಕ್ಟರು, ದೇವರಲ್ಲ.)

ಕಾಶಿ ಒಂದಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯೋಕೆ ಕೂರುತ್ತಲೇ ಇರಲಿಲ್ಲ. ನಾನು ಐದನೇ ಕ್ಲಾಸಿಗೇ ಇಸ್ಕೂಲು ಬಿಟ್ಟವಳು. ನಾನು ಬಿಟ್ಟಿದ್ದು ಅದೊಂದೇ! ಆದರೆ ನಮ್ಮನೆಯವರ ಕೆಲಸ ಏನು ಗೊತ್ತಾ? ಯಾತ್ರೆ ಬಸ್ಸಿನ ಕಂಡಕ್ಟರ್! ಬೇರೆಯವರು ಹೊಟ್ಟೆಬಟ್ಟೆ ಕಟ್ಟಿ ಜೀವಮಾನದಲ್ಲಿ ಒಂದು ಸಲ ನೋಡೋ ಕ್ಷೇತ್ರವನ್ನು ಇವರು ಸಂಬಳ ತಗೊಂಡು ನೋಡೋರು. ಹೋದ ಕಡೆಯೆಲ್ಲಾ ಒಂದೊಂದು ಬಿಡೋರು. ರಾಮೇಶ್ವರದಲ್ಲಿ ಹಲಸಿನ ಹಣ್ಣು ಹೋಯಿತು. ಪಂಢರಪುರದಲ್ಲಿ ಅವರೆಕಾಳು ಹೋಯಿತು. ಮೈಸೂರು ಕಡೆಯವರಿಗೆ ಅವರೆಕಾಳು ಹೋದರೆ ಚಳಿಗಾಲವೇ ಹೋದ ಹಾಗೆ, ಯಾರಿಗೆ ಹೇಳಲಿ? ತಿರುಪತಿಯಲ್ಲಿ ಎಲ್ಲರೂ ಕೂದಲು ಬಿಟ್ಟು ಬಂದರೆ ಇವರು ಒಬ್ಬಟ್ಟಿನ ಸಾರು ಬಿಟ್ಟು ಬಂದರು. ಇನ್ನೇನು ಮಾಡ್ತಾರೆ, ತಲೆಯಲ್ಲಿ ಬಿಡೋಕೆ ಕೂದಲೇ ಇರಲಿಲ್ಲವಲ್ಲ!

ಬಿಟ್ಟಿದ್ದನ್ನು ಬಾಯಿಬಿಟ್ಟು ಹೇಳೋ ಪದ್ಧತಿಯೂ ಇಲ್ಲ. ನಾನು ಸಡಗರದಿಂದ ಬಡಿಸೋಕೆ ಹೋಗಬೇಕು, ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಆಗ ನನಗೆ ಗೊತ್ತಾಗಬೇಕು, ಓ, ಇದೂ ಹೋಯಿತು! ಹೆಂಗಸು ಜೀವಮಾನವೆಲ್ಲಾ ಕಲಿತ ಅಡುಗೆಯನ್ನು ಗಂಡ ಊರೂರು ತಿರುಗಿ ಒಂದೊಂದೇ ದೇವರಿಗೆ ಕೊಟ್ಟು ಬಂದರೆ ಅವಳು ಯಾವ ದೇವರಿಗೆ ದೂರು ಕೊಡಬೇಕು? ಎಲ್ಲಾ ದೇವರೂ ಅವರ ಕಡೆಯವರೇ!

ಮಗಳು ಬೆಲ್ವ್ಯೂಗೆ ಕರೆಸಿಕೊಂಡಾಗ, ಅಮೆರಿಕದಲ್ಲಿ ಯಾವ ಕ್ಷೇತ್ರ ಇದ್ದೀತು, ಬದುಕಿದೆ ಅಂದುಕೊಂಡೆ. ಎಲ್ಲಿ ಬದುಕಿದೆ! ಅಳಿಯ ಜಲಪಾತ ತೋರಿಸಿದ, ‘ಮೇಲಿಂದ ಬಿದ್ದ ನೀರೆಲ್ಲಾ ತೀರ್ಥವೇ’ ಅಂತ ಅಲ್ಲೇ ಮಾವಿನಕಾಯಿ ಉಪ್ಪಿನಕಾಯಿ ಬಿಟ್ಟರು. ಪಕ್ಕದ ಮನೆಯಲ್ಲಿ ನಮ್ಮ ಮೈಸೂರಿನದೇ ಒಂದು ಸಾಬರ ಸಂಸಾರ ಇದೆ, ಬಹಳ ಒಳ್ಳೆಯ ಜನ. ರಂಜಾನ್ ಹಬ್ಬದ ದಿನ ಆ ಮನೆಯ ಹುಡುಗನ ಜೊತೆ ಮಸೀದಿ ನೋಡಿಕೊಂಡು ಬರ್ತೀನಿ ಅಂತ ಹೋದರು. ವಾಪಸ್ ಬರೋ ಹೊತ್ತಿಗೆ ಆ ಹುಡುಗನ ಹೆಂಡತಿ ಬಟ್ಟಲು ತುಂಬಾ ಶಾವಿಗೆ ಪಾಯಸ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಇವರು ಅಂಗೈ ಅಡ್ಡ ಹಿಡಿದರು!

“ಅಂಕಲ್, ಶಾವಿಗೆ ಪಾಯಸ ಬಿಡೋಕೆ ನಿಮಗೆ ಬೇರೆ ದಿನವೇ ಸಿಗಲಿಲ್ವಾ?” ಅಂತ ಆ ಹುಡುಗಿ ಹಣೆ ಹಣೆ ಚಚ್ಚಿಕೊಂಡಳು. ನಾನೂ ಅವಳೂ ಇಬ್ಬರೇ ಕೂತು ಆ ಬಟ್ಟಲು ಖಾಲಿ ಮಾಡಿದೆವು. ದುಃಖದಲ್ಲಿ ಎರಡು ಸಲ ಹಾಕಿಸಿಕೊಂಡೆ.

ಹೀಗೆ ಹೋಗ್ತಾ ಹೋಗ್ತಾ ಅವರಿಗೆ ಪ್ರಾಣ ಅನ್ನೋದು ಒಂದೇ ಒಂದು ಉಳಿಯಿತು. ಮುದ್ದೆ ಜೊತೆ ನನ್ನ ಬಸ್ಸಾರು. ಸೊಪ್ಪು ಕಾಳು ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನವರೆಗೂ ಘಮ ಹೋಗುತ್ತೆ. ಮಗಳು ಫ್ಯಾಕ್ಟೋರಿಯಾ ಕಡೆಯ ಅಂಗಡಿಗೆ ಹೋದಾಗೆಲ್ಲಾ ಯಾವುದೋ ಒರಟು ಸೊಪ್ಪು ತರ್ತಾಳೆ, ಅದರಲ್ಲೂ ಮಾಡಿ ಗೆದ್ದಿದ್ದೀನಿ.

ಬರೀ ಅವರ ಪ್ರಾಣ ಆಗಿದ್ದರೂ ಹೋಗಲಿ ಅನ್ನಬಹುದಿತ್ತು. ನನ್ನ ಮೊಮ್ಮಗಳ ಊಟವೂ ಅದೇ! ಅಯ್ಯೋ, ನನ್ನ ಮೊಮ್ಮಗಳು! ಅವಳ ವಿಷಯ ಬರೆಯೋಕೆ ಶುರು ಮಾಡಿದರೆ ಇಂಥ ಹತ್ತು ಬರಹ ಸಾಲಲ್ಲ. ಐದು ವರ್ಷ, ಗುಂಡು ಕೆನ್ನೆ, ನಕ್ಕರೆ ಮುಂದಿನ ಹಲ್ಲಿನ ಕಿಂಡಿ ಕಾಣುತ್ತೆ. ಆ ಕಿಂಡಿಯಲ್ಲಿ ನನಗೆ ಮೂರು ಲೋಕವೂ ಕಾಣುತ್ತೆ! ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳ್ತಾಳೆ, ಒಬ್ಬರಿಗೊಬ್ಬರು ಪೂರ್ತಿ ಅರ್ಥ ಆಗುತ್ತೆ. ಊಟ ಮಾತ್ರ ಬೇರೆ ತಟ್ಟೆಯಲ್ಲಿ ಕೊಟ್ಟರೆ ಮುಖ ತಿರುಗಿಸ್ತಾಳೆ. ಸಾಯಂಕಾಲ ತಾತನ ತೊಡೆ ಪಕ್ಕ ಬಂದು ಕೂತು ಬಾಯಿ ತೆರೆದು ಕಾಯ್ತಾಳೆ. ತಾತ ಮುದ್ದೆ ಮುರಿದು, ಬಸ್ಸಾರಲ್ಲಿ ಹೊರಳಿಸಿ ಬಾಯಿಗಿಡಬೇಕು. ಅದನ್ನು ನೋಡ್ತಾ ನಾನು ಒಲೆ ಮುಂದೆ ನಿಂತಿದ್ದರೆ ಭೂಮಿಮೇಲೆ ಇರೋದೇ ಮರೆತುಹೋಗುತ್ತೆ.

ಇಂಥ ಹೊತ್ತಿನಲ್ಲಿ ಮಗಳು ಒಂದು ದಿನ ಬಂದು, “ಅಮ್ಮಾ, ಆಫೀಸ್ ಕೆಲಸದ ಮೇಲೆ ಡೆನ್ಮಾರ್ಕಿಗೆ ಹೋಗ್ತಿದೀನಿ. ಎಲ್ಲರೂ ಬನ್ನಿ. ಮೀಟಿಂಗ್ ಮುಗಿದ ಮೇಲೆ ರಜಾ ಹಾಕ್ತೀನಿ, ಅರಮನೆ ನೋಡೋಣ, ರಾಜರ ತೋಟ ನೋಡೋಣ, ಮೊನಾಸ್ಟರಿ ನೋಡೋಣ” ಅಂದಳು.

“ಮೊನಾಸ್ಟರಿ ಅಂದ್ರೇನೇ?”

“ಮಠ ಕಣಮ್ಮ. ಎಷ್ಟೋ ನೂರು ವರ್ಷದ ಹಿಂದೆ ಸನ್ಯಾಸಿಗಳು ಇದ್ದ ಮಠ.”

ನನ್ನ ಕೈಲಿದ್ದ ಸೌಟು ಕೆಳಗೆ ಬಿತ್ತು. “ಮಠನಾ! ನಿಮ್ಮಪ್ಪಂಗೆ ಹೇಳಬೇಡ್ವೇ ತಾಯಿ! ಉಳಿದಿರೋದು ಬಸ್ಸಾರೊಂದೇ!”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೇನು, ಅವಳು ಸಲಾಡ್ ತಿನ್ನೋಳು. ನಾನು ಮೊಮ್ಮಗಳನ್ನು ಪಕ್ಕಕ್ಕೆ ಕರೆದು ಒಪ್ಪಂದ ಮಾಡಿಕೊಂಡೆ. “ಪುಟ್ಟಾ, ಅಲ್ಲಿ ಏನೇ ನೋಡಿದರೂ ತಾತಂಗೆ ಅರಮನೆ ಅನ್ನಬೇಕು. ಮಠ ಅನ್ನಬಾರದು.” ಅವಳು ಬಾಯಿಗೆ ಜಿಪ್ ಎಳೆದ ಹಾಗೆ ಬೆರಳು ಎಳೆದುಕೊಂಡಳು. “ಸೀಕ್ರೆಟ್!” ಅಂದಳು. ನನಗೆ ಎಷ್ಟು ಧೈರ್ಯ ಬಂತು ಅಂತೀರಿ!

ಕೋಪನ್‌ಹೇಗನ್ನಿಗೆ ಮೇಲ್ಗಡೆ, ಸಮುದ್ರದ ಪಕ್ಕದ ಸೀಮೆ ಅದು. ಕಾರಿನಲ್ಲಿ ಸ್ವಲ್ಪ ಹೋದರೆ ಒಂದು ಅರಮನೆ, ಇನ್ನು ಸ್ವಲ್ಪ ಹೋದರೆ ಇನ್ನೊಂದು. ನಮ್ಮ ಊರುಗಳೆಲ್ಲಾ ‘ಹಳ್ಳಿ’ ಅಂತ ಮುಗಿಯೋ ಹಾಗೆ ಅವರ ಅರಮನೆಗಳೆಲ್ಲಾ ‘ಬೋರ್ಗ್’ ಅಂತ ಮುಗಿಯುತ್ತವೆ. ಮೊದಲನೆಯದು ಕೆರೆಯ ಮಧ್ಯೆ ಕಟ್ಟಿದ್ದಾರೆ. ಕೆಂಪು ಇಟ್ಟಿಗೆ, ಹಸಿರು ಗೋಪುರ, ನೀರಿನಲ್ಲಿ ತಲೆಕೆಳಗಾಗಿ ಇನ್ನೊಂದು ಅರಮನೆ. ನಮ್ಮನೆಯವರು ಬಾಗಿಲಲ್ಲೇ ಶೂ ಬಿಚ್ಚಿ ಮೂಲೆಯಲ್ಲಿಟ್ಟರು. ಕಾವಲಿನವಳು ಓಡಿ ಬಂದು ಹಾಕಿಕೊಳ್ಳಿ ಅಂದಳು. “ದೊಡ್ಡೋರ ಮನೆಯಮ್ಮಾ” ಅಂತ ಇವರು ಕನ್ನಡದಲ್ಲೇ ತಿಳಿಸಿ ಹೇಳಿದರು. ಅವಳಿಗೆ ಏನು ತಿಳಿಯಿತೋ, ಕೈ ಮುಗಿದು ಬಿಟ್ಟಳು.

ಒಳಗೆ ಒಂದು ದೊಡ್ಡ ಹಜಾರ. ಬಾಗಿಲಲ್ಲೇ ಪ್ರವಾಸಿಗಳ ಗುಂಪು ಅಡ್ಡ ನಿಂತು ತಲೆ ಎತ್ತಿಕೊಂಡು ಚಾವಣಿ ನೋಡ್ತಿದೆ. ಇಷ್ಟು ವರ್ಷ ಕಂಡಕ್ಟರ್ ಆಗಿದ್ದ ಜೀವ ಸುಮ್ಮನಿರುತ್ತಾ? “ಮುಂದಕ್ಕೆ ಹೋಗಿ ಸಾರ್, ಮುಂದಕ್ಕೆ! ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಲಬೇಡಿ!” ಅಂತ ಗೋಡೆ ತಟ್ಟಿದರು ನೋಡಿ, ಜಪಾನಿನವರೋ ಜರ್ಮನಿಯವರೋ ಎಲ್ಲರೂ ಸಾಲಾಗಿ ಮುಂದಕ್ಕೆ ಹೋದರು! ಮಗಳು ನಾಚಿಕೆಯಿಂದ ಕಂಬದ ಹಿಂದೆ ಅಡಗಿಕೊಂಡಳು. ಮೊಮ್ಮಗಳು “ಸಾರ್, ಸಾರ್” ಅಂತ ತಾತನ ಹಿಂದೆಯೇ ಗೋಡೆ ತಟ್ಟಿಕೊಂಡು ಹೋದಳು.

ರಾಜನ ಹಾಸಿಗೆ ಬಹಳ ಗಿಡ್ಡ. ಆ ಕಾಲದಲ್ಲಿ ಚಾಚಿಕೊಂಡು ಮಲಗಿದರೆ ಹೆಣದ ಹಾಗೆ ಕಾಣುತ್ತೆ ಅಂತ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ದರಂತೆ. ಮಗಳು ಅದನ್ನು ಓದಿ ಹೇಳಿದಾಗ ಇವರು, “ಕೂತು ನಿದ್ದೆ ಮಾಡೋಕೆ ರಾಜನೇ ಆಗಬೇಕಾ? ನಾನು ಬಾನೆಟ್ ಮೇಲೆ ಕೂತು ಮಾಡಿಲ್ವಾ!” ಅಂದರು.

ನನಗೂ ನಗು ಬಂತು. ನಗ್ತಾ ಪಕ್ಕದ ಬಾಗಿಲು ದಾಟಿದೆ, ನಗು ಅಲ್ಲೇ ನಿಂತಿತು. ಅರಮನೆಯ ಒಳಗೇ ಒಂದು ದೇವರಮನೆ ಇಟ್ಟಿದ್ದಾರೆ! ಚಿನ್ನದ ಕೆಲಸ, ಬೆಳ್ಳಿಯ ಕೆಲಸ, ಮೇಲೆ ಕಣ್ಣು ಕೋರೈಸೋ ಚಾವಣಿ. ನಮ್ಮನೆಯವರ ಮುಖ ಮೆತ್ತಗಾಯಿತು. ಕೈ ಎದೆಯ ಹತ್ತಿರ ಬಂತು. ರೆಪ್ಪೆ ಅರ್ಧ ಇಳಿಯಿತು.

“ಅಯ್ಯಯ್ಯೋ, ಮಂಡಿ!” ಅಂತ ನಾನು ಕಿರುಚಿದ ರಭಸಕ್ಕೆ ಮೇಲೆ ಯಾರೋ ನುಡಿಸುತ್ತಿದ್ದ ವಾದ್ಯ ನಿಂತುಹೋಯಿತು. ಕಾವಲಿನವರು ಕುರ್ಚಿ ತಂದರು, ನೀರು ತಂದರು. ಗಾಬರಿಯಲ್ಲಿ ನಮ್ಮನೆಯವರು ರೆಪ್ಪೆ ತೆರೆದವರು ಮತ್ತೆ ಮುಚ್ಚಲಿಲ್ಲ. ಆಚೆ ಬರೋ ತನಕ ಅವರ ತೋಳಿಗೆ ಜೋತುಬಿದ್ದು ಕುಂಟಿದೆ. ಗೆದ್ದೆ ಅಂದುಕೊಂಡೆ. ಯಾವ ಕಾಲು ಕುಂಟುತ್ತಿದ್ದೆ ಅನ್ನೋದು ಮೆಟ್ಟಿಲು ಇಳಿಯೋವಾಗ ಮರೆತುಹೋಯಿತು ಅನ್ನೋದು ಬೇರೆ ಮಾತು.

ಮಾರನೆಯ ದಿನ ರಾಜರ ತೋಟ. ಅಲ್ಲಿ ನನಗೆ ಭಯ ಇರಲಿಲ್ಲ. ಒಂದು ತಗ್ಗಿನಲ್ಲಿ ಸುತ್ತಲೂ ಕಲ್ಲಿನ ಬೊಂಬೆಗಳು ನಿಂತಿದ್ದವು. ರಾಜನದಲ್ಲ, ರಾಣಿಯದಲ್ಲ, ಮೀನು ಹಿಡಿಯೋರದು, ಹೊಲದಲ್ಲಿ ದುಡಿಯೋರದು, ಬುಟ್ಟಿ ಹೊತ್ತ ಹೆಂಗಸರದು! ನಮ್ಮನೆಯವರು ಒಂದೊಂದರ ಮುಂದೂ ನಿಂತು, “ಇದು ಯಾವ ದೇವರು?” ಅಂತ ಕೇಳೋರು. ಮೊಮ್ಮಗಳು, “ನೋ ತಾತ, ಫಿಶರ್‌ಮ್ಯಾನ್!” ಅನ್ನೋಳು. ಪ್ರತಿ ಸಲವೂ ನನ್ನ ಜೀವ ವಾಪಸ್ ಬರೋದು. ಕೊನೆಗೆ ಅವರು, “ಬೆವರು ಸುರಿಸೋರನ್ನ ತೋಟದಲ್ಲಿ ನಿಲ್ಲಿಸ್ಕೊಂಡಿದಾನಲ್ಲ, ಈ ರಾಜ ಒಳ್ಳೆಯವನೇ” ಅಂದರು. ಒಳ್ಳೆಯವನಾಗಿರಲಿ ಮಹರಾಯ, ದೇವರಾಗದಿದ್ದರೆ ಸಾಕು!

ಮೂರನೆಯ ದಿನ ಮಠ. ನಾನು ಕಾರಿನಿಂದ ಇಳಿಯಲ್ಲ ಅಂದೆ. ಮಗಳು, “ಅಷ್ಟು ದೂರ ಬಂದು!” ಅಂತ ಸಿಡುಕಿದಳು. ವಿಧಿಯಿಲ್ಲದೆ ಇಳಿದೆ. ಹಸಿರು ಬಯಲಿನಲ್ಲಿ ಕೆಂಪು ಇಟ್ಟಿಗೆಯ ಒಂದು ಉದ್ದನೆಯ ಕಟ್ಟಡ. ಸುತ್ತ ಮರ. ಸದ್ದಿಲ್ಲ.

“ಇದು ಯಾರ ಅರಮನೆ?” ಅಂದರು ನಮ್ಮನೆಯವರು.

“ರಾಜನ ಚಿಕ್ಕಪ್ಪಂದು” ಅಂದೆ. ಮೊಮ್ಮಗಳು ನನ್ನ ಕಡೆ ನೋಡಿ ಬಾಯಿಗೆ ಜಿಪ್ ಎಳೆದುಕೊಂಡಳು. ಜಾಣೆ!

ಒಳಗೆ ಕಮಾನು ಕಮಾನಾಗಿ ತಣ್ಣನೆಯ ಕೋಣೆಗಳು. ನಮ್ಮನೆಯವರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದರು. ಆಮೇಲೆ ನನ್ನ ಮುಂದೆ ನಿಂತು, “ಒಂದು ಕನ್ನಡಿ ಇಲ್ಲ. ಒಂದು ಹೆಣ್ಣಿನ ಪಟ ಇಲ್ಲ. ಊಟಕ್ಕೆ ಸಾಲಾಗಿ ಕೂರೋ ಜಾಗ. ರಾಜನ ಚಿಕ್ಕಪ್ಪ ಏನು ಸನ್ಯಾಸಿಯಾಗಿದ್ನಾ?” ಅಂದರು.

ನಾನು ಮೊಮ್ಮಗಳ ಕಡೆ ನೋಡಿದೆ. ಮೊಮ್ಮಗಳು ತಾತನ ಕಡೆ ನೋಡಿದಳು. ಆ ಮುಖದ ಮುಂದೆ ಅವಳಿಗೆ ಸುಳ್ಳು ಹೇಳೋಕೆ ಆಗುತ್ತಾ? “ತಾತ, ಇಟ್ಸ್ ಅ ಸೀಕ್ರೆಟ್ ಮಠ!” ಅಂತ ಕೂಗಿಯೇ ಬಿಟ್ಟಳು.

“ಅದಕ್ಕೇ ಮನಸ್ಸು ತಣ್ಣಗಾಯ್ತು!” ಅಂದರು ಇವರು. ನನ್ನ ಮನಸ್ಸು ಸುಟ್ಟು ಬೂದಿಯಾಯಿತು.

ಏನಾದರೂ ಮಾಡಿ ಆಚೆ ಎಳಕೊಂಡು ಹೋಗಬೇಕಲ್ಲ? ಹಿತ್ತಲಲ್ಲಿ ಒಂದು ತೋಟ ಕಾಣಿಸಿತು. ಸನ್ಯಾಸಿಗಳು ಔಷಧಿಗೆ, ಅಡುಗೆಗೆ ಬೆಳೀತಿದ್ದ ಗಿಡಗಳನ್ನು ಮಡಿ ಮಡಿಯಾಗಿ ಹಾಕಿದ್ದಾರೆ. ಓಡಿದೆ. ಒಂದು ಮಡಿಯಲ್ಲಿ ಎಳೆ ಎಳೆಯಾಗಿ ಹಸಿರು ಅಲ್ಲಾಡ್ತಿತ್ತು. ತುದಿ ಮುಟ್ಟಿ ಮೂಸಿದೆ. “ರೀ, ಬನ್ನಿ ಇಲ್ಲಿ! ಸಬ್ಬಸಿಗೆ ಸೊಪ್ಪು ಕಣ್ರೀ! ನಮ್ಮ ಸಬ್ಬಸಿಗೆ!”

ಬಂದರು. ಬಗ್ಗಿದರು. ಮೂಸಿದರು. ಮುಖದಲ್ಲಿ ನಮ್ಮ ಊರು, ನಮ್ಮ ಒಲೆ, ಸಬ್ಬಸಿಗೆ ಹಾಕಿದ ಬಸ್ಸಾರು ಕುದಿಯೋದು ಎಲ್ಲಾ ಬಂದು ನಿಂತಿತು. ಆಗ ಹೊಳೀತು ನನಗೆ. ಅಯ್ಯೋ ಪಾಪಿ! ಕುರಿಯನ್ನು ನಾನೇ ಹೂವು ಹಾಕಿ ಕರಕೊಂಡು ಬಂದೆನಲ್ಲ!

“ಬೇಡಾರೀ” ಅಂದೆ. “ನಿಮಗೆ ಇನ್ನೇನು ಕಮ್ಮಿಯಾಗಿದೆ ಅಂತ ಬಿಡ್ತೀರಿ? ಏನು ಬೇಕು ಅಂತ ಕೇಳ್ಕೊತೀರಿ?”

“ನಾನು ಯಾವತ್ತೂ ಏನೂ ಕೇಳಿಲ್ಲ ಕಣೇ” ಅಂದರು. ಮೊಮ್ಮಗಳು ಮಡಿಗಳ ಮಧ್ಯೆ ಚಿಟ್ಟೆ ಹಿಂದೆ ಓಡ್ತಿದ್ದಳು, ಅವಳನ್ನೇ ನೋಡ್ತಾ ನಿಂತಿದ್ದರು. “ಕೊಟ್ಟಿದ್ದು ಜಾಸ್ತಿಯಾಯ್ತು ಅನ್ನಿಸಿದಾಗ ನಮ್ಮ ಕಡೆಯಿಂದ ಒಂದು ಬಿಡ್ತೀನಿ. ಸುಮ್ಮನೆ ಇಸ್ಕೊಳ್ತಾನೇ ಇದ್ರೆ ಚೆನ್ನಾಗಿರುತ್ತಾ?”

ಇಷ್ಟು ವರ್ಷ ಇದನ್ನು ನನಗೆ ಯಾಕೆ ಹೇಳಲಿಲ್ಲ ಅಂತ ಜಗಳ ಆಡೋಣ ಅನ್ನೋ ಹೊತ್ತಿಗೆ ಮೊಮ್ಮಗಳು ಬಂದು ತಾತನ ಬೆರಳು ಹಿಡಿದಳು. “ವಾಟ್ ಆರ್ ಯೂ ಡೂಯಿಂಗ್?” ಅಂದಳು.

“ಇಂಥ ಜಾಗಕ್ಕೆ ಬಂದೋರು ಒಂದು ಬಿಟ್ಟು ಹೋಗಬೇಕು ಪುಟ್ಟಿ. ಯಾವುದು ತುಂಬಾ ತುಂಬಾ ಇಷ್ಟವೋ ಅದು.”

“ಮೋಸ್ಟ್ ಫೇವರಿಟ್?”

“ಹ್ಞೂಂ, ಮೋಸ್ಟು.”

ತಾತ ಕಣ್ಣು ಮುಚ್ಚಿದರು. ಪಕ್ಕದಲ್ಲಿ ಮೊಮ್ಮಗಳೂ ಕಣ್ಣು ಬಿಗಿಯಾಗಿ ಮುಚ್ಚಿ, ಮೂಗು ಸುಕ್ಕು ಮಾಡಿ, ಕೈ ಜೋಡಿಸಿ ನಿಂತಳು. ಅಷ್ಟು ಸಂಕಟದಲ್ಲೂ ನನಗೆ ನಗು ಬಂತು. ಚಾಕಲೇಟೋ ಪಾಸ್ತಾವೋ ಬಿಡ್ತಾಳೆ, ನಾಳೆ ಮರೀತಾಳೆ ಅಂದುಕೊಂಡೆ. ಮಗಳು ದೂರದಿಂದ ಫೋಟೋ ತೆಗೆದಳು.

ಬೆಲ್ವ್ಯೂಗೆ ವಾಪಸ್ ಬಂದ ಮೇಲೆ ಮೊದಲನೇ ಸಾಯಂಕಾಲ ನಾನು ಬಸ್ಸಾರನ್ನೇ ಮಾಡಿದೆ. ಏನಾಗುತ್ತೆ ಅಂತ ಗೊತ್ತಿದ್ದೂ ಮಾಡಿದೆ. ಆಸೆ ಬಿಡುತ್ತಾ? ತಟ್ಟೆಗೆ ಮುದ್ದೆ ಇಟ್ಟು ಸೌಟು ಬಗ್ಗಿಸಿದೆ. ಅಂಗೈ ಅಡ್ಡ ಬಂತು.

ಮಜ್ಜಿಗೆ ತಂದು ಹಾಕಿದೆ. ಅವರು ಮಜ್ಜಿಗೆಯಲ್ಲಿ ಒಂದು ತುತ್ತು ಅದ್ದಿ, “ಬಾ ಪುಟ್ಟಿ” ಅಂದರು.

ಮೊಮ್ಮಗಳು ಬಂದು ಅವರ ತೊಡೆಯ ಪಕ್ಕವೇ ಕೂತಳು. ಬಾಯಿ ಮಾತ್ರ ತೆರೆಯಲಿಲ್ಲ. ತುಟಿ ಒಳಕ್ಕೆ ಮಡಿಸಿಕೊಂಡು ತಲೆ ಆಡಿಸಿದಳು.

“ಮಜ್ಜಿಗೆ ಬೇಡ್ವಾ? ಅಜ್ಜಿ, ಇವಳಿಗೆ ಬಸ್ಸಾರು ಹಾಕು.”

“ನೋ ತಾತ.” ಅವಳ ಕಣ್ಣು ತುಂಬಿತ್ತು. “ಐ ಕಾಂಟ್. ಐ ಲೆಫ್ಟ್ ಇಟ್ ದೇರ್.”

“ಏನು ಬಿಟ್ಟೆ ಪುಟ್ಟಿ?” ಅಂದರು ತಾತ.

ಅವಳು ತುತ್ತು ಹಿಡಿದಿದ್ದ ಅವರ ಕೈಯನ್ನು ಬೆರಳಿನಿಂದ ತೋರಿಸಿದಳು. “ಈಟಿಂಗ್ ಫ್ರಂ ಯುವರ್ ಹ್ಯಾಂಡ್. ಯೂ ಸೆಡ್ ಮೋಸ್ಟ್.”

ಮಗಳು ತನ್ನ ತಟ್ಟೆಯಿಂದ ತಲೆ ಎತ್ತಿದಳು. ಅಳಿಯ ಫೋನು ಕೆಳಗಿಟ್ಟ. ನಾನು ಸೌಟು ಹಿಡಿದು ನಿಂತೇ ಇದ್ದೆ. ನಮ್ಮನೆಯವರು ತಮ್ಮ ಕೈಯನ್ನೇ ನೋಡ್ತಾ ಕೂತರು, ಅದು ಬೇರೆ ಯಾರದೋ ಕೈ ಅನ್ನೋ ಹಾಗೆ. ಮಜ್ಜಿಗೆ ಮೊಣಕೈವರೆಗೂ ಇಳೀತಿತ್ತು.

ಈ ಮನುಷ್ಯ ಬಿಟ್ಟಿದ್ದನ್ನು ಒಂದು ಸಲವೂ ವಾಪಸ್ ಮುಟ್ಟಿದವರಲ್ಲ. ಜ್ವರ ಬಂದು ನಾಲಿಗೆ ಸತ್ತಾಗ ಉಪ್ಪಿನಕಾಯಿ ನೆಕ್ಕಿ ಅಂತ ಕೈಮುಗಿದರೂ ಮುಟ್ಟಲಿಲ್ಲ. ಸ್ವಂತ ಮಗಳ ಮದುವೆಯಲ್ಲಿ ಒಬ್ಬಟ್ಟಿನ ಸಾರಿನ ಮುಂದೆ ಅಂಗೈ ಹಿಡಿದವರು. ಅಂಥವರು ತಟ್ಟೆಯನ್ನು ನನ್ನ ಕಡೆ ನೂಕಿದರು.

“ಇವಳೇ, ಬಸ್ಸಾರು ಹಾಕು.”

“ಬಿಟ್ಟಿದ್ದೀರಲ್ಲಾರೀ...”

“ಹಾಕೇ ಅಂದ್ರೆ.”

ಹಾಕಿದೆ. ತಟ್ಟೆಯ ಹೊರಗೂ ಚೆಲ್ಲಿತು. ಅವರು ಮುದ್ದೆ ಮುರಿದು, ಬಸ್ಸಾರಲ್ಲಿ ಹೊರಳಿಸಿ, ಮೊಮ್ಮಗಳು ಕಾಣೋ ಹಾಗೆ ಬಾಯಿಗೆ ಹಾಕಿ ನುಂಗಿದರು. ಆಮೇಲೆ ಬಾಯಿ ತೆರೆದು ತೋರಿಸಿದರು.

“ನೋಡು, ತಾತ ವಾಪಸ್ ತಗೊಂಡೆ. ಆ ಮಠದೋರು ಬಹಳ ಒಳ್ಳೆಯೋರು ಪುಟ್ಟಿ. ಬಿಟ್ಟಿದ್ದನ್ನ ನೋಡ್ತಾರೆ, ಸಂತೋಷ ಪಡ್ತಾರೆ, ವಾಪಸ್ ಕೊಡ್ತಾರೆ. ನೀನೂ ತಗೋ.”

ಅವಳು ನಂಬಲಿಲ್ಲ. ನನ್ನ ಕಡೆ ತಿರುಗಿದಳು. “ಈಸ್ ಇಟ್ ಟ್ರೂ ಅಜ್ಜಿ?”

“ನಿಜ ನನ್ನ ಬಂಗಾರ” ಅಂದೆ. “ಸತ್ಯವಾಗ್ಲೂ ನಿಜ.”

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ಬಾಯಿ ತೆರೆದಳು. ಹಲ್ಲಿನ ಕಿಂಡಿಯವರೆಗೂ ಪೂರ್ತಿ ತೆರೆದಳು. ತುತ್ತು ಅರ್ಧ ಬಾಯಿಗೆ ಹೋಯಿತು, ಅರ್ಧ ಗಲ್ಲದ ಮೇಲೆ ಹೋಯಿತು.

ಅವತ್ತು ಅವರಿಬ್ಬರೂ ತಿಂದಿದ್ದು ತಿಂದಿದ್ದೇ. ನಾನು ಬಡಿಸ್ತಾ ಬಡಿಸ್ತಾ ಪಾತ್ರೆಯ ತಳ ಕೆರೆದು ಬಡಿಸಿದೆ. ಪಾತ್ರೆ ತೊಳೆಯೋಕೆ ನಿಂತಾಗ ನೆನಪಾಯಿತು, ನನಗೆ ಅಂತ ಒಂದು ಸೌಟೂ ಇಟ್ಟುಕೊಂಡಿರಲಿಲ್ಲ.